ಮೇಷ್ಟ್ರು ಒಬ್ಬರು, ತರಗತಿ ಐದು

ಮಲೆನಾಡಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಮಕ್ಕಳು ಹನ್ನೊಂದು, ತರಗತಿ ಐದು, ಮೇಷ್ಟ್ರು ಒಬ್ಬರೇ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬೈಕ್ ನಿಲ್ಲಿಸಿ ಒಳಬಂದರು.

"ಏನ್ ಮೇಷ್ಟ್ರೇ, ಪಾಠ ಇಲ್ವಾ?"

"ಮೊಟ್ಟೆ ಎಣಿಸ್ತಿದ್ದೆ ಸಾರ್. ಆಮೇಲೆ ಹಾಲಿನ ಪುಡಿ ಲೆಕ್ಕ, ಆನ್‌ಲೈನ್ ಹಾಜರಿ. ಸಿಗ್ನಲ್ ಮಾತ್ರ ಗುಡ್ಡದ ಮೇಲಿದೆ."

"2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕಲ್ರೀ?"

"ಇದ್ದೀವಲ್ಲ ಸಾರ್! ಬೆಳಿಗ್ಗೆ ನಾನು ಶಿಕ್ಷಕ, ಮಧ್ಯಾಹ್ನ ಗುಮಾಸ್ತ."

ಒಂದರಿಂದ ಮೂರನೇ ತರಗತಿಯವರು ನಲಿ-ಕಲಿಯಲ್ಲಿ ಒಟ್ಟಿಗೆ ಕೂತಿದ್ದರು. ನಾಲ್ಕು, ಐದನೆಯವರು ಅವರು ನಲಿಯುವುದನ್ನು ನೋಡಿಯೇ ಕಲಿಯುತ್ತಿದ್ದರು.

"ಅತಿಥಿ ಶಿಕ್ಷಕರು?"

"ಗೌರವಧನ ಬರೋ ಹೊತ್ತಿಗೆ ಬೆಂಗಳೂರಲ್ಲಿ ಕೆಲಸಕ್ಕೆ ಸೇರ್ಕೊಂಡ್ರು."

"ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರ ಮಗನಾದ್ರೂ ಇಲ್ಲೇ ಓದ್ತಾನಾ?"

"ಓದದಿದ್ರೆ ಅಧ್ಯಕ್ಷಗಿರಿ ಇರಲ್ವಲ್ಲ ಸಾರ್. ಅದಕ್ಕೇ ಕಿರಿಯವನು ಇಲ್ಲಿ. ಹಿರಿಯವನು ವ್ಯಾನಲ್ಲಿ ಪೇಟೆಯ ಇಂಗ್ಲಿಷ್ ಮೀಡಿಯಂಗೆ."

ಸಿಆರ್‌ಪಿ ದನಿ ತಗ್ಗಿಸಿದರು. "ಪಕ್ಕದೂರಿನ ಶಾಲೆ ಜೊತೆ ವಿಲೀನದ ಮಾತಿದೆ. ನಕ್ಷೆಯಲ್ಲಿ ಒಂದೇ ಕಿಲೋಮೀಟರ್."

"ನಡುವೆ ಹಳ್ಳ ಇದೆಯಲ್ಲ ಸಾರ್. ಆಷಾಢದಲ್ಲಿ ಕಾಲುಸಂಕವೇ ತೇಲಿಹೋಗುತ್ತೆ."

"ಹಳ್ಳಕ್ಕೆ ನಮೂನೆಯಲ್ಲಿ ಕಾಲಂ ಇಲ್ವಲ್ಲ! 'ಇತರೆ' ಅಂತ ತುಂಬಿ, ಸಂಜೆಯೊಳಗೆ ಮೂರು ಪ್ರತಿ ಕಳಿಸಿಬಿಡಿ."