ಹಾಲು ಕುಡಿದ ಸೋಪು

ಚಳಿಗಾಲ ಬಂತೆಂದರೆ ಶಿಕಾರಿಪುರ, ಸೊರಬದ ಕಡೆ ಕೊಯ್ಲಾದ ಗದ್ದೆಯ ಜೊತೆಗೆ ಮೈಯೂ ಬಿರುಕು ಬಿಡುತ್ತದೆ. ಮೊಣಕಾಲ ಕೆಳಗೆ ಉಗುರಿನಿಂದ ಗೀರಿದರೆ ಬಿಳಿ ಅಕ್ಷರ ಮೂಡುತ್ತದೆ. ಮಗ್ಗಿ ಬರೆಯಲು ಸ್ಲೇಟೇ ಬೇಡ. ಇದಕ್ಕೆ ಮನೆಯಲ್ಲೇ ಮಾಡಿದ ಹಾಲಿನ ಸೋಪು ಮದ್ದಂತೆ. ಮದ್ದೇನೋ ಸರಿ, ಹೊಗಳಿಕೆ ಮಾತ್ರ ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಲೆಕ್ಕ ನೋಡಿ: 500 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 91 ಗ್ರಾಂ ಕಾಸ್ಟಿಕ್ ಸೋಡಾ ಬೇಕು. 73 ಗ್ರಾಂ ಹಾಕಿದರೆ ಐದರಲ್ಲೊಂದು ಪಾಲು ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ. ಚರ್ಮವನ್ನು ಕಾಯುವುದು ಆ ಉಳಿಕೆ ಎಣ್ಣೆ, ಜೊತೆಗೆ ಹುಟ್ಟುವ ಗ್ಲಿಸರಿನ್. ಹಾಲು ಬರೀ ನೀರಿನ ಬದಲಿಗೆ ಬಂದ ನೆಂಟ, ಅದೂ ಮುಂಗೋಪಿ: ಐಸ್ ಮಾಡಿಟ್ಟು ಸೋಡಾವನ್ನು ಚೂರುಚೂರೇ ಉದುರಿಸದಿದ್ದರೆ ಕಾವಿಗೆ ಸೀದು ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ.

ಹಾಲಿನ ಜಿಡ್ಡು ಎಲ್ಲಿ ಹೋಯಿತು ಎಂದು ಕೇಳಬಹುದು. 170 ಮಿಲಿ ಹಾಲಿನಲ್ಲಿ ಇರುವುದೇ ಆರು ಗ್ರಾಂ ಆಸುಪಾಸು. ಅದರಲ್ಲೂ ಹೆಚ್ಚಿನದನ್ನು ಸೋಡಾ ನುಂಗುತ್ತದೆ. ಅಜ್ಜಿಯರು ಹಾಲಿನ ಕೆನೆ ಹಚ್ಚುತ್ತಿರಲಿಲ್ಲವೇ ಎಂದರೆ, ಹಚ್ಚುತ್ತಿದ್ದರು. ಆದರೆ ಕಡಲೆಹಿಟ್ಟಿನಲ್ಲಿ ಕಲಸಿ, ಕಾಸ್ಟಿಕ್ ಸೋಡಾದ ಮಧ್ಯಸ್ಥಿಕೆ ಇಲ್ಲದೆ. ಹಾಗಾದರೆ ಅಂಗಡಿ ಸೋಪೇ ಸಾಕಲ್ಲ ಎನ್ನುವಂತಿಲ್ಲ. ದೊಡ್ಡ ಕಾರ್ಖಾನೆಗಳು ಗ್ಲಿಸರಿನ್ ಅನ್ನು ಬೇರ್ಪಡಿಸಿ ಮಾರುವುದುಂಟು, ಮನೆ ಸೋಪಿನಲ್ಲಿ ಅದು ಮನೆಯಲ್ಲೇ ಉಳಿಯುತ್ತದೆ. ಆದ್ದರಿಂದ ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ, ತೂಕಕ್ಕೆ ತಕ್ಕಡಿ, ನಾಲ್ಕಾರು ವಾರ ಒಣಗಿಸುವ ತಾಳ್ಮೆ ಇದ್ದರೆ ಧಾರಾಳವಾಗಿ ಮಾಡಿ. ಎಣ್ಣೆ ಸೋಪಿಗಿರಲಿ, ಹಾಲು ಕಾಫಿಗಿರಲಿ.