ಬಿರುಕಿಗೆ ಪುಟ್ಟಿ ಹಚ್ಚಬೇಡಿ

ಮನೆ ಕಟ್ಟಿಸುವಾಗ ಯಾರಿಗೂ ವಕೀಲರ ನೆನಪಾಗುವುದಿಲ್ಲ. ಪಾಯದ ಪೂಜೆಗೆ ಪುರೋಹಿತರು ಬರುತ್ತಾರೆ, ವಾಸ್ತು ಹೇಳುವವರು ಬರುತ್ತಾರೆ, ಎದುರುಮನೆಯ ನಿವೃತ್ತ ಓವರ್‌ಸಿಯರ್ ಕರೆಯದಿದ್ದರೂ ಬರುತ್ತಾರೆ. ನಮ್ಮ ಸರದಿ ಮೋಲ್ಡು ಸೋರಿದ ಮೇಲೆ.

ನಮ್ಮ ಬಳಿ ಬರುವವರು ಕಾಗದಪತ್ರ ತರುತ್ತಾರೆ ಎಂದುಕೊಳ್ಳಬೇಡಿ. 30 ಬೈ 40 ಸೈಟಿನಲ್ಲಿ ಎರಡಂತಸ್ತಿನ ಮನೆ, ಖರ್ಚು ಅರ್ಧ ಕೋಟಿ ದಾಟಿದೆ; ಕರಾರೆಲ್ಲಿ ಎಂದರೆ ಬ್ಯಾಂಕಿನವರು ಕೊಟ್ಟ ಹಳೇ ಡೈರಿಯೊಂದು ಹೊರಬರುತ್ತದೆ. ಅದರಲ್ಲಿ ‘ಚದರಕ್ಕೆ ಇಷ್ಟು’ ಎಂಬ ಒಂದು ಸಾಲು, ಅದರ ಕೆಳಗೆ ಹಾಲಿನ ಲೆಕ್ಕ. ಉಳಿದದ್ದೆಲ್ಲ ಬಾಯಿಮಾತು. 1872ರ ಕರಾರು ಕಾಯಿದೆಗೆ ಬಾಯಿಮಾತೂ ಆಗುತ್ತದೆ, ನಿಜ. ಆದರೆ ಆ ಮಾತು ನಡೆದಾಗ ಪಕ್ಕದಲ್ಲಿ ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿತ್ತು. ಮಾಲೀಕರು ಹೇಳಿದ್ದು ಒಂದು, ಮೇಸ್ತ್ರಿಗೆ ಕೇಳಿಸಿದ್ದು ಇನ್ನೊಂದು.

ಜಗಳ ಹೆಚ್ಚಾಗಿ ಹುಟ್ಟುವುದು ಎಕ್ಸ್‌ಟ್ರಾ ಕೆಲಸದಲ್ಲಿ. ಮಾಲೀಕರ ಅತ್ತೆ ಅಡುಗೆಮನೆಗೆ ಬಂದು, “ಇಲ್ಲೊಂದು ಸಜ್ಜ ಇದ್ದಿದ್ರೆ” ಎಂದು ರಾಗ ಎಳೆದಿರುತ್ತಾರೆ. ಮೇಸ್ತ್ರಿ ಮಾರನೇ ದಿನವೇ ಸೆಂಟ್ರಿಂಗ್ ಹೊಡೆಸಿರುತ್ತಾರೆ. ಬಿಲ್ಲು ಬಂದಾಗ ಮಾಲೀಕರಿಗೆ ಆಶ್ಚರ್ಯ: “ಪ್ರೀತಿಗೆ ಮಾಡಿಕೊಟ್ಟರು ಅಂದ್ಕೊಂಡಿದ್ದೆ!” ಅದೇ ಕಾಯಿದೆಯ 70ನೇ ಕಲಂ ಈ ಪ್ರೀತಿಯನ್ನು ನಂಬುವುದಿಲ್ಲ. ಪುಕ್ಕಟೆ ಎಂಬ ಉದ್ದೇಶವಿಲ್ಲದೆ ಒಬ್ಬರು ನ್ಯಾಯವಾಗಿ ಮಾಡಿಕೊಟ್ಟದ್ದರ ಲಾಭ ಉಂಡವರು ಅದಕ್ಕೆ ತಕ್ಕದ್ದು ಕೊಡಬೇಕು. ಹೀಗಾಗಿ ಅತ್ತೆಯವರು ಆ ಸಜ್ಜದ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದಾರೋ ಇಲ್ಲವೋ ಎಂಬುದು ಪಾಟೀಸವಾಲಿನ ವಿಷಯವಾಗುತ್ತದೆ. ಮೇಸ್ತ್ರಿಗಳೋ, “ದೊಡ್ಡೋರು, ಕೊಡ್ತಾರೆ ಬಿಡಿ” ಎಂದು ಕಾದು ನಾಲ್ಕನೇ ವರ್ಷ ನಮ್ಮ ಮೆಟ್ಟಿಲು ಹತ್ತುತ್ತಾರೆ. ಹಣ ಕೊಡಲು ಗಡುವು ಗೊತ್ತುಮಾಡಿಕೊಳ್ಳದವರಿಗೆ 1963ರ ಕಾಲಮಿತಿ ಕಾಯಿದೆ ಕೆಲಸ ಮುಗಿದಲ್ಲಿಂದ ಕೊಟ್ಟಿರುವುದು 3 ವರ್ಷ.

ಕೋರ್ಟು ಹತ್ತಿದ ಮನೆಯ ಪಾಡೇ ಬೇರೆ. ನನ್ನ ಮೊದಲ ಸಲಹೆ, ಬಿರುಕಿಗೆ ಪುಟ್ಟಿ ಹಚ್ಚಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಂತೆ ಕೋರ್ಟ್ ಕಮಿಷನರ್ ಬಂದು ನೋಡುವವರೆಗೆ ಸಾಕ್ಷ್ಯ ಇದ್ದಂತೆಯೇ ಇರಬೇಕು. ಅವರ ನೇಮಕಕ್ಕೆ ಅರ್ಜಿ, ಅರ್ಜಿಗೆ ಆಕ್ಷೇಪಣೆ, ಆಕ್ಷೇಪಣೆಯ ಮೇಲೆ ವಾದ, ನಡುವೆ ದಸರಾ ರಜೆ. ಅಷ್ಟರಲ್ಲಿ ಎರಡು ಮಳೆಗಾಲ ಕಳೆದು, ಹಾಲಿನ ನಟ್ಟನಡುವೆ ಬಕೆಟ್ಟು ಕಾಯಂ ಆಗಿರುತ್ತದೆ. ಮನೆಯೊಡತಿ ಒಬ್ಬರು ನನಗೆ ನೇರವಾಗಿಯೇ ಹೇಳಿದರು: “ಅವನು ಸೋರೋ ಮನೆ ಕಟ್ಟಿದ, ನೀವು ಸೋರೋದನ್ನ ಕಾಪಾಡ್ತಿದ್ದೀರಿ.” ಕಾನೂನು ಓದಿದವರು ಯಾರೂ ನನ್ನ ವೃತ್ತಿಯನ್ನು ಇಷ್ಟು ಖಚಿತವಾಗಿ ಹೇಳಿಲ್ಲ.

ಅವರ ಮನೆಗೆ ಕಮಿಷನರ್ ಬಂದದ್ದು ಸುಡು ಬಿಸಿಲಲ್ಲಿ. ಒಂದು ಹನಿ ಸೋರಲಿಲ್ಲ. ಮನೆಯವರು ತಾರಸಿಯ ಮೇಲೆ ಕೊಡ ಕೊಡ ನೀರು ಸುರಿದರು. ಎದುರು ವಕೀಲರು ಅದಕ್ಕೂ ಆಕ್ಷೇಪಣೆ ಬರೆಸಿದರು. ಟೇಪಿನ ಒಂದು ತುದಿ ಮಾಲೀಕರ ಕೈಯಲ್ಲಿ, ಇನ್ನೊಂದು ಮೇಸ್ತ್ರಿಯ ಕೈಯಲ್ಲಿ. ಅಳೆಯುತ್ತ ಅಳೆಯುತ್ತ ಮೇಸ್ತ್ರಿ ಕೇಳಿದರು: “ವಾಟರ್‌ಪ್ರೂಫಿಂಗ್ ಬೇಡ, ಖರ್ಚು ಜಾಸ್ತಿ ಅಂದೋರು ನೀವೇ ಅಲ್ವಾ ಸಾರ್?” ಮಾಲೀಕರು ಟೇಪು ನೋಡುತ್ತ ನಿಂತರು. ದಾವಾಪತ್ರದಲ್ಲಾಗಲಿ ಪ್ರತಿವಾದಪತ್ರದಲ್ಲಾಗಲಿ ಈ ಮಾತು ಇರಲೇ ಇಲ್ಲ.

ಕೇಸು ರಾಜಿಯಾಯಿತು. ವಾಟರ್‌ಪ್ರೂಫಿಂಗ್ ಸಾಮಾನು ಮಾಲೀಕರದು, ಕೂಲಿ ಮೇಸ್ತ್ರಿಯದು, ಎಷ್ಟು ಲೀಟರ್, ಯಾವ ತಾರೀಕಿನೊಳಗೆ ಎಂದೆಲ್ಲ ಬರೆದ ರಾಜಿ ಅರ್ಜಿಗೆ ಇಬ್ಬರೂ ಸಹಿ ಹಾಕಿದರು. ಆ ಮನೆಯ ಮಟ್ಟಿಗೆ ಇಬ್ಬರೂ ಸಹಿ ಮಾಡಿದ ಮೊದಲ ಕರಾರು ಅದು.