ದೂರು ಕಳಿಸುವ ಯಂತ್ರಮಹಾಶಯರಿಗೊಂದು ಬಹಿರಂಗ ಪತ್ರ

ಯಂತ್ರಮಹಾಶಯರೇ,

ಜರ್ಮನಿಯ ಬಾಡಿಗೆ ಸರ್ವರಿನಲ್ಲಿ ಬಳಕೆದಾರರ ಗುರುತು ಮರೆಮಾಡುವ ಟಾರ್ ಜಾಲದ ಹೊರಬಾಗಿಲು, ಅಂದರೆ ಎಕ್ಸಿಟ್ ರಿಲೇ, ನಡೆಸುತ್ತಿರುವವನ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ.

ನಿನ್ನೆ ನಡುರಾತ್ರಿ ತಾವು ಕಳಿಸಿದ 17 ದೂರುಗಳು ಕೈಸೇರಿದವು. ಹದಿನೇಳೂ ಒಂದೇ ಒಕ್ಕಣೆ. ನನ್ನ ಸರ್ವರಿನಿಂದ ಯಾರೋ ಕೇಳದವರಿಗೆ ಕೇಳದ ಮೇಲ್ ಕಳಿಸುತ್ತಿದ್ದಾರೆ ಎಂಬುದು ತಮ್ಮ ಆಕ್ಷೇಪ. ಹದಿನೇಳು ಸಲ.

ಸ್ವಾಮಿ, ಮೇಲ್ ಸರ್ವರುಗಳು ಟಪಾಲು ಸಾಗಿಸುವ ಪೋರ್ಟ್ 25ಕ್ಕೆ ಟಾರ್ ಮೊದಲಿಂದಲೇ ಬೀಗ ಹಾಕಿಟ್ಟಿದೆ. ನಾನೂ ತೆಗೆದಿಲ್ಲ. ತಾವು ಲಗತ್ತಿಸಿದ ಪುರಾವೆಯನ್ನೇ ಓದಿದೆ: ಯಾವನೋ ತಮ್ಮ ಕಕ್ಷಿದಾರರ ವೆಬ್‌ಸೈಟಿಗೆ ವೆಬ್‌ನ ಪೋರ್ಟ್ 443ರಲ್ಲಿ ಬಂದು, 'ನಮ್ಮನ್ನು ಸಂಪರ್ಕಿಸಿ' ಫಾರಂನಲ್ಲಿ ಬೊಕ್ಕತಲೆ ಎಣ್ಣೆಯ ಜಾಹೀರಾತು ತುಂಬಿದ್ದಾನೆ. ಅದನ್ನು ಮೇಲ್ ಮಾಡಿ ಮಾಲೀಕರಿಗೆ ತಲುಪಿಸಿದ್ದು ಅವರದೇ ಸರ್ವರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಟಾರ್ ಮರೆಯಲ್ಲಿ ಕೂತು ಕಸ ಎಸೆಯುವವರಿದ್ದಾರೆ, ಇಲ್ಲವೆನ್ನುವುದಿಲ್ಲ. ಆ ಫಾರಂಗೊಂದು ಕ್ಯಾಪ್ಚಾ ಹಾಕಿಸಬಹುದಿತ್ತು, ಅಷ್ಟೆ.

"ಸದರಿ ಗ್ರಾಹಕನ ಹೆಸರು ತಿಳಿಸತಕ್ಕದ್ದು" ಎಂದಿದ್ದೀರಿ. ಮೂರು ರಿಲೇಗಳಲ್ಲಿ ನಾನು ಕೊನೆಯವನು. ನನಗೆ ಕಾಣುವುದು ನಡುವಿನ ರಿಲೇ, ಮತ್ತು ಹೋಗಬೇಕಾದ ಜಾಗ. ಹೊರಟವನು ಯಾರೆಂದು ನನಗೆ ಗೊತ್ತಾಗಬಾರದೆಂದೇ ಇದನ್ನು ಕಟ್ಟಿದ್ದು.

ಒಂದು ಉಪಕಾರ ಮಾತ್ರ ಮಾಡಬಲ್ಲೆ. ಆ ವೆಬ್‌ಸೈಟಿನ ಐಪಿ ಕೊಟ್ಟರೆ, ಎಕ್ಸಿಟ್ ಪಾಲಿಸಿಗೆ ಒಂದು ಸಾಲು ಸೇರಿಸಿ ನನ್ನ ಕಡೆಯಿಂದ ಅಲ್ಲಿಗೆ ಯಾರೂ ಹೋಗದಂತೆ ಮಾಡುತ್ತೇನೆ. ಆದರೆ ಪುರಾವೆಯಲ್ಲಿ ಆ ಐಪಿಯ ಜಾಗದಲ್ಲಿ ಸಾಲಾಗಿ ನಕ್ಷತ್ರಗಳಿವೆ. ಕೆಳಗೆ ಟಿಪ್ಪಣಿ: ದೂರುದಾರರ ಗೋಪ್ಯತೆ ಕಾಪಾಡಲು. ಆಹಾ! ಇನ್ನು ಎಲ್ಲ ಎಕ್ಸಿಟ್‌ಗಳನ್ನೂ ಒಟ್ಟಿಗೆ ತಡೆಯುತ್ತೇವೆಂದರೆ, ಅವುಗಳ ಐಪಿ ಪಟ್ಟಿಯನ್ನು ಟಾರ್‌ನವರೇ ಬಹಿರಂಗವಾಗಿ ಇಟ್ಟಿದ್ದಾರೆ. ನನ್ನ ಐಪಿಯನ್ನು ಬ್ರೌಸರಿನಲ್ಲಿ ತೆರೆದರೂ ಸಾಕು, 'ಇದು ಟಾರ್ ಎಕ್ಸಿಟ್' ಎಂಬ ಬೋರ್ಡು ಕಾಣುತ್ತದೆ. ತಾವು ಬೋರ್ಡು ಓದುವ ಜಾತಿಯವರಲ್ಲ, ಬಿಡಿ.

ನನಗೆ ಸರ್ವರು ಬಾಡಿಗೆ ಕೊಟ್ಟ ಮಾಲೀಕರು ತಾವು ಕಳಿಸಿದ ದೂರನ್ನು ಹಾಗೇ ನನಗೆ ದಾಟಿಸಿ, 24 ಗಂಟೆಯೊಳಗೆ ಸಮಜಾಯಿಷಿ ಕೊಡದಿದ್ದರೆ ಲೈನ್ ಕಟ್ ಎಂದಿದ್ದಾರೆ. ಕೊಟ್ಟೆ. ತಮಗೂ ಉತ್ತರ ಬರೆದೆ. 'ಈ ವಿಳಾಸಕ್ಕೆ ಬಂದ ಪತ್ರಗಳನ್ನು ಯಾರೂ ಓದುವುದಿಲ್ಲ' ಎಂದು ವಾಪಸ್ ಬಂತು. ಹಾಗಾಗಿ ಈ ಬಹಿರಂಗ ಪತ್ರ.

ಇಂತಿ,
ಈ ಇಡೀ ವ್ಯವಹಾರದಲ್ಲಿ ಹೆಸರು, ಮೇಲ್ ವಿಳಾಸ ಎರಡೂ ಸಿಕ್ಕುವ ಏಕೈಕ ಆಸಾಮಿ